ಉಪ್ಪುಗಾಳಿಯ ಖರ್ಚು ಯಾರ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಕಡಲತಡಿಯ ಸಣ್ಣ ಊರುಗಳಲ್ಲಿ ಸಾಮಾನು ಸಮೇತ ಬಾಡಿಗೆಗೆ ಸಿಗುವ ಫ್ಲ್ಯಾಟುಗಳ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ ಬಾಡಿಗೆ ಎಷ್ಟು, ಕಿಟಕಿಯಿಂದ ಸಮುದ್ರ ಕಾಣುತ್ತದೋ ಇಲ್ಲವೋ ಎಂಬಲ್ಲಿಗೆ ಮುಗಿಯುತ್ತವೆ. ಮನೆ ಬಿಡುವ ದಿನ ಜಗಳ ಹುಟ್ಟುವುದು ಫ್ರಿಜ್ಜಿನ ಬುಡದ ತುಕ್ಕಿನಿಂದ, ಬೀರುವಿನ ಬೆನ್ನಿಗೆ ಹಿಡಿದ ಬೂಷ್ಟಿನಿಂದ, ತಿರುಗದ ಬೀಗದಿಂದ. ಅದನ್ನು ಕುರಿತೇ ಈ ಪತ್ರ.

ಒಳನಾಡಿನಲ್ಲಿ ಸಾಮಾನು ಬಳಸಿದರೆ ಸವೆಯುತ್ತದೆ. ಕಡಲ ಬದಿಯಲ್ಲಿ ಬೀಗ ಹಾಕಿಟ್ಟರೂ ಸವೆಯುತ್ತದೆ. ಎಷ್ಟೋ ಸಲ ಬೀಗ ಹಾಕಿಟ್ಟದ್ದಕ್ಕೇ ಇನ್ನಷ್ಟು ಬೇಗ ಹಾಳಾಗುತ್ತದೆ. ಆದರೆ ಕರಾರು ಪತ್ರಗಳು ಬಹುಪಾಲು ಒಳನಾಡಿನ ಮಾದರಿಯ ನಕಲುಗಳು. ‘ಸಾಮಾನುಗಳನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು’ ಎಂಬ ಸಾಲು ಎಲ್ಲದರಲ್ಲೂ ಇರುತ್ತದೆ. ಈ ಸಾಲನ್ನು ಕಡಲ ಬದಿಯಲ್ಲಿ ಯಾರೂ ಪಾಲಿಸಲಾರರು, ಸ್ವತಃ ಮಾಲೀಕರೇ ಅಲ್ಲಿ ವಾಸವಿದ್ದರೂ ಅಷ್ಟೇ. ಮಾಲೀಕ ಮತ್ತು ಬಾಡಿಗೆದಾರರ ನಡುವೆ ಮೂರನೆಯವನೊಬ್ಬ ಆ ಮನೆಯಲ್ಲಿ ಪುಕ್ಕಟೆ ವಾಸವಿರುತ್ತಾನೆ. ಅವನೇ ಉಪ್ಪು.

ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ಒಣಗಿ ಉಪ್ಪಿನ ಕಣಗಳಾಗಿ ಲೋಹದ ಮೇಲೆ ಕೂರುತ್ತವೆ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಆರ್ದ್ರತೆ ಸುಮಾರು ಶೇ 75 ದಾಟಿದೊಡನೆ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಅದರ ಜೊತೆಗೆ ಮೆಗ್ನೀಶಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಶೇ 33ರಷ್ಟು ಆರ್ದ್ರತೆಯೇ ಸಾಕು. ಹಾಗಾಗಿ ಕಡಲ ಬದಿಯಲ್ಲಿ ತೊಳೆಯದ ಲೋಹ, ನೋಡುವ ಕಣ್ಣಿಗೆ ಒಣಗಿದಂತಿದ್ದರೂ, ಹೆಚ್ಚೂಕಮ್ಮಿ ಸದಾ ಒದ್ದೆಯಾಗಿಯೇ ಇರುತ್ತದೆ. ದಡದಿಂದ ಮೊದಲ ಕೆಲವು ನೂರು ಮೀಟರುಗಳಲ್ಲೇ ಬೀಳುವ ಉಪ್ಪಿನ ಪ್ರಮಾಣ ಬಹಳ ಇಳಿದುಬಿಡುತ್ತದೆ. ಮೊದಲ ಸಾಲಿನ ಕಟ್ಟಡಕ್ಕೂ ಅದರ ಮರೆಯಲ್ಲಿರುವ ಮೂರನೇ ಸಾಲಿನ ಕಟ್ಟಡಕ್ಕೂ ಬಾಗಿಲ ಹಿಂಜುಗಳ ಆಯಸ್ಸಿನಲ್ಲೇ ವ್ಯತ್ಯಾಸ ಕಾಣುತ್ತದೆ. ಹೆಚ್ಚು ಬಾಡಿಗೆ ಕೊಟ್ಟು ಸಮುದ್ರದ ನೋಟವನ್ನು ಕೊಳ್ಳುವವರು ತುಕ್ಕನ್ನೂ ಜೊತೆಗೇ ಕೊಂಡಿರುತ್ತಾರೆ.

ಮನೆ ನೋಡಲು ಹೋಗುವಾಗ ಒಂದು ಮಾತು ಮೊದಲೇ ಹೇಳಿಡಿ: ನಾವು ಬರುವ ಹಿಂದಿನ ದಿನದಿಂದ ಕಿಟಕಿ ತೆರೆಯಬೇಡಿ. ಬೀಗ ತೆಗೆದ ಮೊದಲ ಎರಡು ನಿಮಿಷ ಮೂಗು ಹೇಳುವುದನ್ನು ಆಮೇಲೆ ಕಣ್ಣು ಹೇಳಲಾರದು. ಮುಗ್ಗಲು ವಾಸನೆ ಇದ್ದರೆ ಎಲ್ಲೋ ತೇವ ಇದೆ. ನುಸಿಗುಳಿಗೆಯ ಅಥವಾ ಸುಗಂಧದ ಘಾಟು ಇದ್ದರೆ ಆ ತೇವವನ್ನು ಮುಚ್ಚಿದ್ದಾರೆ ಎಂದೂ ಅನುಮಾನಿಸಬಹುದು. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆಸಿ, ಹಿಂದೆ ಟಾರ್ಚ್ ಬಿಟ್ಟು ನೋಡಿ. ಕೋಣೆಗೆಲ್ಲ ಹಳೆಯ ಬಣ್ಣವಿದ್ದು ಒಂದೇ ಒಂದು ಚೌಕ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿ ಕೈಯಿಟ್ಟು ನೋಡಿ, ತಣ್ಣಗಿರುತ್ತದೆ. ಗೋಡೆಯ ಮೇಲಿನ ಬಿಳಿ ಹುಡಿಯೆಲ್ಲ ಬೂಷ್ಟಲ್ಲ. ಗಿಲಾವಿನೊಳಗಿನ ಉಪ್ಪು ನೀರಿನ ಜೊತೆ ಹೊರಬಂದು ಹಾಗೆ ಕಟ್ಟಿಕೊಂಡಿರಬಹುದು. ಒಂದು ತೊಟ್ಟು ನೀರು ಹಚ್ಚಿದರೆ ಉಪ್ಪು ಕರಗಿ ಮಾಯವಾಗುತ್ತದೆ, ಬೂಷ್ಟು ಕರಗುವುದಿಲ್ಲ. ವ್ಯತ್ಯಾಸ ತಿಳಿದಿರಬೇಕು. ಗೋಡೆಯಿಂದ ಉಪ್ಪು ಬರುತ್ತಿದ್ದರೆ ನೀರು ಹೊರಗಿಂದಲೋ ಪೈಪಿನಿಂದಲೋ ಗೋಡೆಯೊಳಗೆ ಬರುತ್ತಿದೆ ಎಂದರ್ಥ, ಅದು ಕಟ್ಟಡದ ದೋಷ. ಬೂಷ್ಟು ಗಾಳಿಯಾಡದ್ದರಿಂದಲೂ ಬರಬಹುದು, ಅದರಲ್ಲಿ ಬಾಡಿಗೆದಾರರ ಪಾಲೂ ಇರಬಹುದು.

ಮಲಗುವ ಕೋಣೆಯ ಚಾವಣಿಯನ್ನೂ ಬಾಲ್ಕನಿಯ ಚಾವಣಿಯನ್ನೂ ನೋಡದೆ ಹಿಂದಿರುಗಬೇಡಿ. ಕಾಂಕ್ರೀಟಿನೊಳಗೆ ಇಳಿದ ಕ್ಲೋರೈಡ್ ಕಬ್ಬಿಣದ ಸರಳನ್ನು ಮುಟ್ಟಿದರೆ ಅಲ್ಲಿ ತುಕ್ಕು ಹುಟ್ಟುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಮೊದಲು ಸರಳು ಹೋದ ದಾರಿಯಲ್ಲೇ ನೇರವಾದ ಕಂದು ಗೆರೆ, ಆಮೇಲೆ ಬಿರುಕು, ಆಮೇಲೆ ಚಕ್ಕೆ ಚಕ್ಕೆಯಾಗಿ ಉದುರುವಿಕೆ. ಪೊರಕೆಯ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಆ ಕೆಳಗೆ ಮಂಚ ಹಾಕಬಾರದು. ಅದರ ಮೇಲೆ ಬಣ್ಣ ಬಳಿದುಕೊಡುತ್ತೇನೆ ಎನ್ನುವ ಮಾಲೀಕರಿಗೆ ನಮಸ್ಕಾರ ಹೇಳಿ ಬೇರೆ ಮನೆ ನೋಡುವುದೇ ಲೇಸು.

ಸಾಮಾನುಗಳಲ್ಲಿ ಹೆಚ್ಚು ತಂಟೆ ತರುವುದು ಏಸಿ. ತಣ್ಣಗೆ ಗಾಳಿ ಬರುತ್ತಿದೆ ಎಂದು ಒಳಗಿನ ಭಾಗವನ್ನಷ್ಟೇ ನೋಡಿ ಜನ ತೃಪ್ತರಾಗುತ್ತಾರೆ. ನೋಡಬೇಕಾದ್ದು ಹೊರಗಿನ ಪೆಟ್ಟಿಗೆಯನ್ನು. ಅದರ ಬೆನ್ನಲ್ಲಿ ತಾಮ್ರದ ಕೊಳವೆಗಳ ಸುತ್ತ ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗಳು ಸಾಲಾಗಿ ಕೂತಿರುತ್ತವೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೇ ಒಂದು ಬ್ಯಾಟರಿಯಂತಾಗಿ, ಅಲ್ಯೂಮಿನಿಯಂ ತನ್ನನ್ನೇ ತಿಂದುಕೊಳ್ಳತೊಡಗುತ್ತದೆ. ವಿದ್ಯುತ್ ಪೂರ್ತಿ ಆರಿಸಿ, ಬೆರಳ ತುದಿಯಿಂದ ಆ ಹಾಳೆಗಳನ್ನು ಹಗುರಾಗಿ ಮುಟ್ಟಿ. ಗಟ್ಟಿಯಾಗಿದ್ದರೆ ಸರಿ. ಬಿಳಿಯ ಪುಡಿ ಉದುರಿದರೆ ಶಾಖ ಹೊರಹೋಗುವ ದಾರಿಯೇ ಮುಚ್ಚುತ್ತಿದೆ ಎಂದು ತಿಳಿಯಬೇಕು. ಅಂಥ ಯಂತ್ರ ತಣ್ಣನೆ ಗಾಳಿ ಕೊಡುತ್ತಲೇ ಹೆಚ್ಚು ಕರೆಂಟು ನುಂಗುತ್ತದೆ, ಬಿಲ್ಲು ಬರುವುದು ಬಾಡಿಗೆದಾರರ ಹೆಸರಿಗೆ. ಹದಿನೈದಿಪ್ಪತ್ತು ನಿಮಿಷ ಓಡಿಸಿದ ಮೇಲೆ ಒಳಕ್ಕೆ ಎಳೆದುಕೊಳ್ಳುವ ಗಾಳಿಗೂ ಹೊರಬಿಡುವ ಗಾಳಿಗೂ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಅಂತರ ಇರಬೇಕು. ಗಾಳಿ ಬಹಳ ತೇವವಾಗಿದ್ದ ದಿನ ಇದು ಸ್ವಲ್ಪ ಇಳಿಯುತ್ತದೆ. ಒಂದು ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಲೆಕ್ಕ ಸಿಗುತ್ತದೆ. ಹಾಗೆಯೇ ಪೆಟ್ಟಿಗೆ ಹೊತ್ತ ಕಬ್ಬಿಣದ ಸ್ಟ್ಯಾಂಡು, ಗೋಡೆಗೆ ಹೊಕ್ಕ ಬೋಲ್ಟುಗಳು. ಯಂತ್ರ ಹೊಸದಿದ್ದು ಸ್ಟ್ಯಾಂಡು ಹಳೆಯದೇ ಉಳಿದಿರುವುದು ಮಾಮೂಲಿ. ಕೆಳಗೆ ಜನ ಓಡಾಡುವ ಜಾಗವಿದ್ದರಂತೂ ಇದು ಬರೀ ಖರ್ಚಿನ ಮಾತಾಗಿ ಉಳಿಯುವುದಿಲ್ಲ.

ಹೊರಗಿನ ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ಸಿಹಿನೀರಿನಿಂದ, ಒತ್ತಡವಿಲ್ಲದೆ, ತೊಳೆದರೆ ಅದರ ಆಯಸ್ಸು ಹೆಚ್ಚುತ್ತದೆ. ಒತ್ತಡದ ಪೈಪು ಹಿಡಿದರೆ ಹಾಳೆಗಳೆಲ್ಲ ಮಡಚಿಕೊಂಡು ಬೀಳುತ್ತವೆ. ಆದರೆ ಪೆಟ್ಟಿಗೆ ಮೂರನೇ ಮಹಡಿಯ ಹೊರಗೋಡೆಯಲ್ಲಿ, ಯಾವ ಕಿಟಕಿಗೂ ಎಟುಕದೆ ನೇತಾಡುತ್ತಿದ್ದರೆ ಬಾಡಿಗೆದಾರರು ತೊಳೆಯುವುದು ಹೇಗೆ? ಆಗ ಆ ಕೆಲಸ ಮಾಲೀಕರದ್ದು ಎಂದು ಕರಾರಿನಲ್ಲೇ ಬರೆಯಬೇಕು.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಹೋಗಿದೆ. ಬಾಗಿಲ ನಾಲ್ಕೂ ಬದಿಗೆ ಹೀಗೆ ನೋಡಬೇಕು, ಒಂದೇ ಮೂಲೆಯಲ್ಲಿ ಸಡಿಲವಿರುವುದೇ ಹೆಚ್ಚು. ತೊಳೆಯುವ ಯಂತ್ರವನ್ನು ಖಾಲಿಯಿದ್ದಾಗ ಜೋರಾಗಿ ತಿರುಗಿಸಿ ಕಿವಿಗೊಡಿ, ವಿಮಾನ ಏಳುವಂಥ ಮೊರೆತ ಬಂದರೆ ಬೇರಿಂಗ್ ಮುಗಿದಿದೆ. ಸ್ಟೇನ್‌ಲೆಸ್ ಸ್ಟೀಲಿನ ಸಿಂಕ್, ಕಂಬಿಗಳ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ಕಂಡರೆ ಗಾಬರಿ ಬೇಡ. ಮಾಮೂಲಿ 304 ದರ್ಜೆಯ ಸ್ಟೀಲಿಗೆ ಕಡಲ ಬದಿಯಲ್ಲಿ ಅದು ಸಹಜ, ಮಾಲಿಬ್ಡಿನಮ್ ಬೆರೆಸಿದ 316 ದರ್ಜೆ ಮಾತ್ರ ಬಹಳಮಟ್ಟಿಗೆ ತಡೆಯುತ್ತದೆ. ಆ ಕಲೆಯನ್ನು ಕಬ್ಬಿಣದ ನಾರಿನಿಂದ ಉಜ್ಜಬೇಡಿ. ನಾರಿನ ಚೂರುಗಳು ಸ್ಟೀಲಿನಲ್ಲಿ ಸಿಕ್ಕಿಕೊಂಡು ಅವೇ ತುಕ್ಕು ಹಿಡಿದು, ಇಲ್ಲದ ರೋಗ ತರುತ್ತವೆ.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಕಡಲ ಬದಿಯ ನೆಲದಡಿಯಲ್ಲಿ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟದಿಂದ ಮೇಲೆ 1 ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ ಎಂಬುದು ಭೂಜಲದ ಹಳೆಯ ಲೆಕ್ಕ. ತಿರುಗಿಸಿ ನೋಡಿದರೆ ಇದೇ ಲೆಕ್ಕ ಹೆದರಿಸುತ್ತದೆ. ಪಂಪು ಎಳೆದೆಳೆದು ನೀರಿನ ಮಟ್ಟ 1 ಮೀಟರ್ ಇಳಿದರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 40 ಮೀಟರಿನಷ್ಟು ಮೇಲೇರಬಲ್ಲದು. ಹೀಗಾಗಿ ಮಳೆ ಮುಗಿದ ಹೊಸತರಲ್ಲಿ ಸವಿಯಾಗಿದ್ದ ಬಾವಿ, ಒಣ ತಿಂಗಳುಗಳ ಕೊನೆಗೆ ಉಪ್ಪುಪ್ಪಾಗುತ್ತದೆ. ಮನೆ ನೋಡಿದ ದಿನ, ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ಒಳ್ಳೆಯ ಅಂಕಿ ಬಂತೆಂದು ಕರಾರಿಗೆ ಸಹಿ ಹಾಕಿದರೆ ಮೋಸ ಹೋದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಲೀಟರಿಗೆ 600 ಮಿಲಿಗ್ರಾಂವರೆಗೆ ಕರಗಿದ ಲವಣಾಂಶವಿರುವ ನೀರು ಬಾಯಿಗೆ ಹಿತ, 1000 ದಾಟಿದರೆ ರುಚಿ ಕೆಡುತ್ತಾ ಹೋಗುತ್ತದೆ. ವರ್ಷದಲ್ಲಿ ಯಾವ ತಿಂಗಳು ನೀರು ಉಪ್ಪಾಗುತ್ತದೆ, ಆಗ ಟ್ಯಾಂಕರ್ ತರಿಸುವವರು ಯಾರು ಎಂದು ಅದೇ ಕಟ್ಟಡದ ಕಾವಲುಗಾರರನ್ನು ಕೇಳಿ. ಮಾಲೀಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಇದೇ ನೀರು ಗೀಸರಿನ ಶತ್ರು. ಟ್ಯಾಂಕಿರುವ ಗೀಸರಿನೊಳಗೆ ಸಾಮಾನ್ಯವಾಗಿ ಮೆಗ್ನೀಶಿಯಂ ಸರಳೊಂದು ಇರುತ್ತದೆ. ಟ್ಯಾಂಕಿನ ಬದಲು ತಾನು ಕರಗಿ ಟ್ಯಾಂಕನ್ನು ಉಳಿಸುವುದೇ ಅದರ ಕೆಲಸ. ಉಪ್ಪಿನಂಶ ಹೆಚ್ಚಿದ್ದಷ್ಟೂ ಅದು ಬೇಗ ಮುಗಿಯುತ್ತದೆ, ಮುಗಿದ ಮೇಲೆ ಟ್ಯಾಂಕಿನ ಸರದಿ. ಕೊನೆಯ ಸಲ ಸರಳು ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಬಹುಪಾಲು ಮಾಲೀಕರು ಮುಖ ಮುಖ ನೋಡುತ್ತಾರೆ. ಅದೂ ಒಂದು ಉತ್ತರವೇ.

ಕರೆಂಟಿನ ಪರೀಕ್ಷೆ ಸುಲಭ, ಮಾಡುವವರು ಕಡಿಮೆ. ಮನೆಯ ಮುಖ್ಯ ಸ್ವಿಚ್ಚು ಆರಿಸಿ ಮೀಟರಿನ ಬಳಿ ಹೋಗಿ. ಮೀಟರಿನ ಮೇಲಿನ ಸಣ್ಣ ದೀಪ ಇನ್ನೂ ಮಿನುಗುತ್ತಿದ್ದರೆ ಬೇರೆ ಯಾರದೋ ಬಳಕೆ ಅದೇ ಮೀಟರಿಗೆ ಸೇರುತ್ತಿದೆ. ನೀರೆತ್ತುವ ಪಂಪೋ ಮೆಟ್ಟಿಲ ದೀಪವೋ ಇರಬಹುದು. ಆಮೇಲೆ ಎಲ್ಲ ಆರಿಸಿ 1000 ವಾಟಿನ ಇಸ್ತ್ರಿಪೆಟ್ಟಿಗೆಯಂಥ ಒಂದೇ ಉಪಕರಣವನ್ನು ಹಚ್ಚಿಟ್ಟರೆ, ಅದು ಬಿಡದೆ ಕಾಯುತ್ತಿರುವ 6 ನಿಮಿಷಕ್ಕೆ 0.1 ಯೂನಿಟ್ ಏರಬೇಕು. ಇಸ್ತ್ರಿಪೆಟ್ಟಿಗೆ ಬಿಸಿಯಾದ ಮೇಲೆ ತಾನೇ ಆರಿ ಹತ್ತುತ್ತಿರುತ್ತದೆ, ಆದ್ದರಿಂದ ನೀರು ಕಾಯಿಸುವ ಕಾಯಿಲ್ ಇನ್ನೂ ಮೇಲು. ಸೋರುವ ಕರೆಂಟು ಕಂಡೊಡನೆ ಕಡಿದುಹಾಕುವ ಆರ್‌ಸಿಸಿಬಿ ಇದೆಯೇ, ಅದರ ಮೇಲೆ 30 ಮಿಲಿಆಂಪಿಯರ್ ಎಂದು ಬರೆದಿದೆಯೇ ನೋಡಿ, ಪರೀಕ್ಷಾ ಗುಂಡಿ ಒತ್ತಿ. ಒತ್ತಿದ ಕ್ಷಣ ಕರೆಂಟು ಹೋಗಬೇಕು. ತೇವದ ಊರಲ್ಲಿ ಇದಿಲ್ಲದ ಮನೆಗೆ ಒಪ್ಪಬಾರದು. ಬಾಲ್ಕನಿಯ ಪ್ಲಗ್ಗಿನ ತೂತುಗಳ ಸುತ್ತ ಹಸಿರು ಬಣ್ಣ ಕಂಡರೆ ಒಳಗೆ ಹಿತ್ತಾಳೆಯೋ ತಾಮ್ರವೋ ಕಿಲುಬು ಹಿಡಿದಿದೆ, ಅಲ್ಲಿ ಏನನ್ನೂ ಸಿಕ್ಕಿಸಬೇಡಿ.

ಮರದ ಸಾಮಾನಿನಲ್ಲಿ ಬುಡ ನೋಡುವುದೊಂದೇ ಉಪಾಯ. ಮರದ ಹುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ನೆಲ ಒರೆಸುವ ನೀರು ತಾಗಿ ಊದುತ್ತದೆ, ಒಮ್ಮೆ ಊದಿದ್ದು ಮತ್ತೆ ಇಳಿಯುವುದಿಲ್ಲ, ಹಿಂಜಿನ ಸ್ಕ್ರೂಗಳು ಅದರಲ್ಲಿ ನಿಲ್ಲುವುದೂ ಇಲ್ಲ. ಹಾಸಿಗೆಯ ಹೊಲಿಗೆಯಂಚು, ಮಂಚದ ತಲೆಹಲಗೆಯ ಸಂದು, ಸೋಫಾದ ಮಡಿಕೆಗಳಲ್ಲಿ ಶಾಯಿ ಚುಕ್ಕೆಯಂಥ ಕಪ್ಪು ಕಲೆಗಳಿದ್ದರೆ ಅದು ತಿಗಣೆ. ಪ್ರವಾಸಿಗರು ಬಂದುಹೋಗುವ ಮನೆಗಳಲ್ಲಿ ಇದನ್ನು ನೋಡಲೇಬೇಕು.

ಇನ್ನು ಸಾಮಾನು ಪಟ್ಟಿಯ ಮಾತು. ‘ಬಟ್ಟೆ ಬೀರು – 1’ ಎಂದು ಬರೆದ ಪಟ್ಟಿ ಇಲ್ಲದ ಪಟ್ಟಿಗೆ ಸಮ. ಹೀಗೆ ಬರೆಯಬೇಕು: ‘ಬಟ್ಟೆ ಬೀರು, ಪಾರ್ಟಿಕಲ್ ಬೋರ್ಡಿನದು, ಎರಡು ಬಾಗಿಲು, ಸುಮಾರು ಐದು ವರ್ಷ ಹಳೆಯದು. ಎಡ ಬಾಗಿಲ ಕೆಳ ಹಿಂಜಿಗೆ ತುಕ್ಕು. ಬುಡದಲ್ಲಿ ಎರಡು ಅಂಗುಲ ಎತ್ತರಕ್ಕೆ ಊದಿದೆ. ಬೀಗದ ಕೈ ಒಂದೇ.’ ವಯಸ್ಸು ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ, ಕೊನೆಗೆ ಲೆಕ್ಕ ನಿಲ್ಲುವುದು ಅದರ ಮೇಲೇ. ಫೋಟೊಗಳು ಕೋಣೆಯ ಅಂದ ತೋರಿಸುವಂತಿದ್ದರೆ ಪ್ರಯೋಜನವಿಲ್ಲ. ಹಿಂಜು, ಬುಡ, ಬೆನ್ನು, ಏಸಿಯ ಹೊರಪೆಟ್ಟಿಗೆ, ಮೀಟರಿನ ಅಂಕಿ, ಗೀಸರಿನ ಕೆಳಭಾಗ – ಇವು ಬೇಕು. ಅಂದೇ ಎಲ್ಲವನ್ನೂ ಮಾಲೀಕರಿಗೆ ಇಮೇಲ್ ಮಾಡಿಬಿಟ್ಟರೆ ದಿನಾಂಕದ ಬಗ್ಗೆ ಮುಂದೆ ತಕರಾರು ಏಳುವುದಿಲ್ಲ. ಪಟ್ಟಿಯ ಪ್ರತಿ ಪುಟಕ್ಕೂ ಇಬ್ಬರ ಸಹಿ ಇರಲಿ. ಮೊದಲ ಏಳು ದಿನಗಳಲ್ಲಿ ಕಂಡ ದೋಷಗಳನ್ನು ಸೇರಿಸಬಹುದು ಎಂಬ ಸಾಲೂ ಇರಲಿ, ಸೋರುವ ಕಿಟಕಿ ಒಣ ದಿನದಲ್ಲಿ ಗುಟ್ಟು ಬಿಡುವುದಿಲ್ಲ.

ಕರಾರಿನಲ್ಲಿ ನಮ್ಮ ಪ್ರಕಾರ ಇರಲೇಬೇಕಾದ ಸಾಲುಗಳು ಹೆಚ್ಚಿಲ್ಲ. ಉಪ್ಪುಗಾಳಿಯಿಂದ ಬಂದ ತುಕ್ಕು, ಮಾಸಲು ಬಣ್ಣ, ಹಿಂಜು ಬೀಗಗಳ ಬಿಗಿತ ಇವೆಲ್ಲ ಸಹಜ ಸವಕಳಿ, ಠೇವಣಿಯಿಂದ ಮುರಿದುಕೊಳ್ಳುವಂತಿಲ್ಲ ಎಂಬುದು ಮೊದಲನೆಯದು. ಕೈಗೆಟುಕುವುದನ್ನು ಬಾಡಿಗೆದಾರರು ಶುಚಿಯಾಗಿಡುವುದು, ಮೆಕ್ಯಾನಿಕ್ ಬೇಕಾದ ಕೆಲಸವನ್ನು ಮಾಲೀಕರು ಮಾಡಿಸುವುದು ಎಂಬ ಕೆಲಸದ ಹಂಚಿಕೆ ಎರಡನೆಯದು. ಹಾಳಾದ ವಸ್ತುವಿಗೆ ಹೊಸದರ ಬೆಲೆಯಲ್ಲ, ಉಳಿದ ಆಯಸ್ಸಿನ ಬೆಲೆ ಎಂಬುದು ಮೂರನೆಯದು. 8 ವರ್ಷ ಬಾಳುವುದೆಂದು ಇಬ್ಬರೂ ಒಪ್ಪಿದ ಹಾಸಿಗೆ 6 ವರ್ಷ ಬಳಸಿದ ಮೇಲೆ ಬಾಡಿಗೆದಾರರ ತಪ್ಪಿನಿಂದ ಕೆಟ್ಟರೆ, ಅವರು ಕೊಡಬೇಕಾದ್ದು ಕಾಲು ಭಾಗ. ಪೂರ್ತಿ ಹೊಸ ಹಾಸಿಗೆಯ ಬೆಲೆ ಕೇಳುವುದು ನ್ಯಾಯವಲ್ಲ.

ಮಾಲೀಕರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಎಲ್ಲ ತಪ್ಪನ್ನೂ ಉಪ್ಪಿನ ತಲೆಗೆ ಕಟ್ಟುವ ಬಾಡಿಗೆದಾರರೂ ಇದ್ದಾರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವೂ ಒದ್ದೆ ಬಟ್ಟೆ ಹರಡಿ, ಎಕ್ಸಾಸ್ಟ್ ಫ್ಯಾನ್ ಹಾಕದೆ ಅಡುಗೆ ಮಾಡಿ, ಆಮೇಲೆ ಬೀರುವಿಗೆ ಬೂಷ್ಟು ಬಂತೆಂದರೆ ಅದಕ್ಕೆ ಸಮುದ್ರ ಹೊಣೆಯಲ್ಲ. ಒಳಗಿನ ಆರ್ದ್ರತೆ ಶೇ 60ರ ಕೆಳಗಿದ್ದರೆ ಬೂಷ್ಟಿಗೆ ಬೆಳೆಯುವುದು ಕಷ್ಟ. ಆರ್ದ್ರತೆ ಅಳೆಯುವ ಅಂಗೈಯಗಲದ ಹೈಗ್ರೋಮೀಟರ್ ಗೋಡೆಗಿಟ್ಟರೆ ಅಂಕಿ ಕಣ್ಣೆದುರೇ ಇರುತ್ತದೆ. ಹೊರಗೆ ಒಳಗಿಗಿಂತ ಹೆಚ್ಚು ತೇವವಿದ್ದಾಗ ಕಿಟಕಿ ತೆರೆದಿಟ್ಟು ‘ಗಾಳಿಯಾಡಿಸಿದೆ’ ಎಂದರೆ ತೇವವನ್ನು ಒಳಗೆ ಕರೆದಂತೆಯೇ, ಆಗ ಏಸಿಯ ಡ್ರೈ ಮೋಡ್ ಇಲ್ಲವೇ ತೇವ ಹೀರುವ ಯಂತ್ರ ಬೇಕು. ಬೀರು ಸೋಫಾಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಡಬೇಕು. ಸರಿಯುವ ಕಿಟಕಿಗಳ ಕೆಳಚೌಕಟ್ಟಿನಲ್ಲಿ ನೀರು ಹೊರಹೋಗಲು ಸಣ್ಣ ಕಂಡಿಗಳಿರುತ್ತವೆ. ಮರಳು ತುಂಬಿ ಅವು ಕಟ್ಟಿದರೆ ಗಾಳಿಮಳೆಯ ನೀರು ಕೋಣೆಯೊಳಕ್ಕೇ ಇಳಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಾಡುವ ಐದು ನಿಮಿಷದ ಕೆಲಸ ಅದು. ಎರಡು ತಿಂಗಳು ಊರಿಗೆ ಹೋಗುವವರು ಫ್ರಿಜ್ ಆರಿಸಿ ಬಾಗಿಲನ್ನು ತೆರೆದೇ ಇಡಬೇಕು. ಮುಚ್ಚಿ ಹೋದರೆ ಹಿಂದಿರುಗಿದಾಗ ಒಳಗೆ ಕಪ್ಪು ಬೂಷ್ಟು ಕಾದಿರುತ್ತದೆ, ರಬ್ಬರಿನಿಂದ ಆ ಕಲೆ ಹೋಗುವುದಿಲ್ಲ. ಈ ಖರ್ಚು ಬಾಡಿಗೆದಾರರದ್ದೇ.

ಪ್ರವಾಸಿಗರ ಸೀಸನ್ ಇರುವ ಊರಾದರೆ ದಿನಾಂಕಗಳನ್ನು ಎರಡು ಸಲ ಓದಿ. ಸೀಸನ್ ಇಲ್ಲದಾಗ ಕಡಿಮೆ ಬಾಡಿಗೆಗೆ ಕೊಟ್ಟು, ಸೀಸನ್ ಹತ್ತಿರ ಬಂದೊಡನೆ ದಿನದ ಬಾಡಿಗೆಯ ಆಸೆಗೆ ಮನೆ ಖಾಲಿ ಮಾಡಿಸುವುದುಂಟು. ಕರಾರಿನ ಅವಧಿ ಸೀಸನ್ ದಾಟುತ್ತದೆಯೇ, ಮಧ್ಯದಲ್ಲಿ ಬಿಡಿಸಲು ಎಷ್ಟು ದಿನದ ನೋಟಿಸು, ನೋಟಿಸು ಎರಡೂ ಕಡೆಗೆ ಸಮವೇ – ಇಷ್ಟು ಕೇಳಿದರೆ ಸಾಕು. ಸೀಸನ್ ಇಲ್ಲದಾಗ ನೋಡಿದ ಮನೆ ಗದ್ದಲವನ್ನು ಅಡಗಿಸಿರುತ್ತದೆ, ಸೀಸನ್‌ನಲ್ಲಿ ನೋಡಿದ ಮನೆ ತೇವವನ್ನು ಅಡಗಿಸಿರುತ್ತದೆ. ಮುಕ್ಕಾಲು ಫ್ಲ್ಯಾಟುಗಳು ಖಾಲಿ ಬೀಳುವ ತಿಂಗಳುಗಳಲ್ಲಿ ಲಿಫ್ಟು ಓಡುತ್ತದೆಯೇ, ಕಸ ಒಯ್ಯುತ್ತಾರೆಯೇ ಎಂದು ವಿಚಾರಿಸಿ. ಬಹಳ ದಿನ ಮುಚ್ಚಿದ್ದ ಮನೆಯ ನಲ್ಲಿಗಳನ್ನು ಮೊದಲು ಕೆಲವು ನಿಮಿಷ ಹರಿಯಬಿಡಬೇಕು, ಗೀಸರನ್ನು 60 ಡಿಗ್ರಿಗೆ ಒಮ್ಮೆ ಚೆನ್ನಾಗಿ ಕಾಯಿಸಬೇಕು. ನಿಂತ ಬೆಚ್ಚನೆ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಷವರಿನ ಹನಿಯ ಜೊತೆ ಶ್ವಾಸಕೋಶ ಸೇರಬಲ್ಲವು.

ಮನೆ ಬಿಡುವ ಎರಡು ವಾರ ಮೊದಲೇ ಇಬ್ಬರೂ ಕೂಡಿ ಅದೇ ಹಳೆಯ ಪಟ್ಟಿ ಹಿಡಿದು ಒಂದು ಸುತ್ತು ಬರುವುದು ಒಳ್ಳೆಯದು. ಕಳಚಿದ ಹಿಡಿ, ಕಟ್ಟಿಕೊಂಡ ಷವರ್, ಕೀರಲು ಕಿಟಕಿ ಇಂಥವನ್ನು ಸರಿಪಡಿಸಲು ಆಗ ಸಮಯ ಸಿಗುತ್ತದೆ. ಕೊನೆಯ ದಿನ ಪೆಟ್ಟಿಗೆ ಕಟ್ಟಿ ಗಾಡಿ ಕಾಯುತ್ತಿರುವಾಗ ನೋಡಿದರೆ ಎಲ್ಲವೂ ಠೇವಣಿಯಿಂದ ಕಡಿತವೇ.

ನಿಮ್ಮ ಪತ್ರಿಕೆಯಲ್ಲಿ ಬರುವ ಬಾಡಿಗೆ ಮನೆಗಳ ಜಾಹೀರಾತುಗಳ ಪಕ್ಕದಲ್ಲಿ, ವರ್ಷಕ್ಕೊಂದು ಸಲವಾದರೂ, ಕತ್ತರಿಸಿಟ್ಟುಕೊಳ್ಳುವಂಥ ಒಂದು ಮಾದರಿ ಪಟ್ಟಿಯನ್ನು ಅಚ್ಚು ಹಾಕಬಹುದೇ? ವಸ್ತು, ಎಣಿಕೆ, ವಯಸ್ಸು, ಬಂದ ದಿನದ ಸ್ಥಿತಿ, ಬಿಡುವ ದಿನದ ಸ್ಥಿತಿ ಹೀಗೆ ಐದು ಅಂಕಣಗಳು ಸಾಕು. ಸ್ಥಿತಿಯ ಅಂಕಣಗಳನ್ನು ಮಾತ್ರ ದಯವಿಟ್ಟು ಅಗಲವಾಗಿ ಬಿಡಿ. ಈಗ ಸಿಗುವ ಮಾದರಿಗಳಲ್ಲಿ ಅಲ್ಲಿ ‘ಚೆನ್ನಾಗಿದೆ’ ಎಂದು ಬರೆಯುವಷ್ಟೇ ಜಾಗ ಇರುತ್ತದೆ.

ಇಂತಿ,
ಬಾಡಿಗೆ ಮನೆಗಳ ನಿರ್ವಹಣೆಯ ಕೆಲಸದಲ್ಲಿರುವ ಓದುಗರು